ಟೆಲಿವಿಷನ್ ಕೊಳ್ಳುವ ಮುನ್ನ ಮನೆಯನ್ನು ಅಳೆಯಿರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಬೀದಿಗಳಲ್ಲಿ ಟೆಲಿವಿಷನ್ ಮಾರುವ ಅಂಗಡಿಗಳು ಈಗ ಅಪರೂಪವಲ್ಲ. ಲಿಂಬೆಯ ಹಣ ಕೈಸೇರಿದಾಗಲೋ, ತೊಗರಿ ಮಾರಿ ಬಂದಾಗಲೋ, ಮನೆಯಲ್ಲಿ ಮದುವೆ ನಿಶ್ಚಯವಾದಾಗಲೋ ಗೃಹಸ್ಥರು ಅಂಥ ಅಂಗಡಿಯ ಮೆಟ್ಟಿಲನ್ನೇರುತ್ತಾರೆ. ಗೋಡೆಯ ಉದ್ದಕ್ಕೂ ಝಗಝಗಿಸುವ ಪರದೆಗಳನ್ನು ಕಂಡು ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡೇ: ಇದು ಎಷ್ಟು ಇಂಚು? ಇದರ ಬೆಲೆ ಎಷ್ಟು?

ಈ ಎರಡೂ ಪ್ರಶ್ನೆಗಳು ಅಗತ್ಯವಾದುವೇ, ಸಂದೇಹವಿಲ್ಲ. ಆದರೆ ಇವುಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಬೇರೆ ಪ್ರಶ್ನೆಗಳುಂಟು. ನೋಡುವವರು ಎಷ್ಟು ದೂರದಲ್ಲಿ ಕುಳಿತುಕೊಳ್ಳುವರು? ಯಾವ ಮಗ್ಗುಲಿನಿಂದ ನೋಡುವರು? ಚಿತ್ರವು ಎಲ್ಲಿಂದ, ಯಾವ ಮಾರ್ಗವಾಗಿ ಮನೆಗೆ ಬರುವುದು? ವೈಶಾಖದ ಬಿಸಿಲಿನಲ್ಲಿ ಆ ಕೋಣೆಯ ತಾಪವೆಷ್ಟು? ಕೆಟ್ಟರೆ ದುರಸ್ತಿ ಮಾಡುವವರು ಎಲ್ಲಿಂದ ಬರಬೇಕು? ಈ ಪ್ರಶ್ನೆಗಳಿಗೆ ಉತ್ತರವು ಅಂಗಡಿಯಲ್ಲಿ ದೊರೆಯತಕ್ಕದ್ದಲ್ಲ. ಅದು ಕೊಳ್ಳುವವರ ಮನೆಯಲ್ಲಿಯೇ ಇದೆ. ಆದುದರಿಂದ ಟೆಲಿವಿಷನ್ ಕೊಳ್ಳಹೊರಟವರು ಪರದೆಯನ್ನು ಅಳೆಯುವ ಮೊದಲು ತಮ್ಮ ಮನೆಯನ್ನು ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಸಾಧನಗಳು ಒಂದು ಟೇಪು, ಒಂದು ಕಾಗದ ಮತ್ತು ಅಲ್ಪಸ್ವಲ್ಪ ಲೆಕ್ಕ, ಇಷ್ಟೆ.

ಹಳ್ಳಿಗೆಂದೇ ಆಯ್ದ ಪೆಟ್ಟಿಗೆ

ಈ ಜಿಲ್ಲೆಗೆ ಟೆಲಿವಿಷನ್ ಬಂದ ಬಗೆಯನ್ನು ಇಲ್ಲಿ ನೆನೆಯುವುದು ಉಚಿತ. ದೊಡ್ಡ ನಗರಗಳಲ್ಲಿ ಮೊದಲು ಬಂದು, ಬಹುಕಾಲದ ಮೇಲೆ ಹಳ್ಳಿಗೆ ಇಳಿದು ಬರುವುದು ಬಹುಪಾಲು ಯಂತ್ರಗಳ ರೂಢಿ. ಆದರೆ ಕರ್ನಾಟಕದಲ್ಲಿ ಟೆಲಿವಿಷನ್ ಈ ರೂಢಿಯನ್ನು ಮುರಿಯಿತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾಯಿತು. ಅದಕ್ಕೆ ಆರು ವರ್ಷಗಳ ಹಿಂದೆಯೇ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಬಂದ ಚಿತ್ರಗಳನ್ನು ನೋಡಿದುವು. ವಿಕ್ರಮ ಸಾರಾಭಾಯಿಯವರು ಕನಸು ಕಂಡು, ಅವರು ತೀರಿಕೊಂಡ ಮೇಲೆ ಯಶಪಾಲ್ ಮೊದಲಾದವರು ನಡೆಯಿಸಿದ ಈ ಪ್ರಯೋಗವು ‘ಸೈಟ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದರಲ್ಲಿ ಸೇರಿದ್ದುವು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆಫ್ರಿಕದ ಪೂರ್ವಭಾಗದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದನ್ನು ನಿಲ್ಲಿಸಲಾಗಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ಸುದ್ದಿ, ಮನರಂಜನೆ.

ಈ ಪ್ರಯೋಗದಲ್ಲಿ ನಮ್ಮ ಇಂದಿನ ವಿಷಯಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಹಳ್ಳಿಯಲ್ಲಿ ಇಡತಕ್ಕ ಪೆಟ್ಟಿಗೆ ಹೇಗಿರಬೇಕೆಂಬುದನ್ನು ಅಂದಿನ ಇಂಜಿನಿಯರರು ಹಳ್ಳಿಯಿಂದಲೇ ಆರಂಭಿಸಿ ಯೋಚಿಸಿದರು. ಧೂಳು ಎಷ್ಟು, ಸೆಖೆ ಎಷ್ಟು, ವಿದ್ಯುತ್ತಿನ ಏರಿಳಿತ ಎಷ್ಟು, ಎಷ್ಟು ಜನ ಕೂಡಿ ನೋಡುವರು, ಕೆಟ್ಟರೆ ಯಾರು ಎಲ್ಲಿಂದ ಹೋಗಿ ದುರಸ್ತಿ ಮಾಡುವರು ಎಂಬುದನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯಲ್ಲಿ ಪೆಟ್ಟಿಗೆಗಳನ್ನು ಮಾಡಿಸಿದರು. ಸಂಕೇತವನ್ನು ಹಿಡಿಯುವುದಕ್ಕೆ ತಂತಿಬಲೆಯಿಂದ ಮಾಡಿದ 3 ಮೀಟರು ಅಗಲದ ತಟ್ಟೆಯನ್ನು ನಿಲ್ಲಿಸಿದರು. ಬಲೆಯಲ್ಲಿ ತೂತುಗಳಿದ್ದರೆ ಅಲೆಗಳು ಸೋರಿಹೋಗುವುದಿಲ್ಲವೆ ಎಂದು ವಾಚಕರು ಕೇಳಬಹುದು. ಆ ಉಪಗ್ರಹದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಬೆರಳಗಲದ ತೂತು ತೂತೇ ಅಲ್ಲ. ಬಲೆಯೂ ತಗಡೂ ಅದಕ್ಕೆ ಒಂದೇ. ಬಲೆಯಾದರೆ ಹಗುರ, ಅಗ್ಗ. ಗಾಳಿಯ ಹೊಡೆತವೂ ಕಡಿಮೆ. ಸ್ಥಳವನ್ನು ಅರಿತು ಯಂತ್ರವನ್ನು ಆಯುವುದೆಂದರೆ ಇದೇ.

ಮುಂದೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವಾಯಿತು. 1982ರಲ್ಲಿ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಆಕಾಶಕ್ಕೇರಿತು. ಟೆಲಿವಿಷನ್ ಊರಿನ ಸೊತ್ತಾಗಿದ್ದುದು ಮನೆಯ ಸೊತ್ತಾಯಿತು. ಅದು ಸಂತೋಷದ ವಿಷಯವೇ. ಆದರೆ ಅಂದು ಇಂಜಿನಿಯರರು ಊರಿಗಾಗಿ ಹಾಕಿದ ಲೆಕ್ಕವನ್ನು ಅಂದಿನಿಂದ ಮನೆಗಾಗಿ ಹಾಕುವವರು ಯಾರೂ ಇಲ್ಲದಂತಾಯಿತು. ಅಂಗಡಿಯವರು ಹಾಕಲಾರರು, ಅವರು ನಮ್ಮ ಪಡಸಾಲೆಯನ್ನು ಕಂಡವರಲ್ಲ. ಕಾರ್ಖಾನೆಯವರು ಹಾಕಲಾರರು, ಅವರಿಗೆ ಇಂಡಿಯೂ ಒಂದೇ, ಇಂಗ್ಲೆಂಡೂ ಒಂದೇ. ಆದುದರಿಂದ ಆ ಕೆಲಸವು ಈಗ ಗೃಹಸ್ಥರ ಪಾಲಿಗೆ ಬಂದಿದೆ.

ದೂರಕ್ಕೂ ಇಂಚಿಗೂ ಇರುವ ಸಂಬಂಧ

ಮೊದಲು ಪರದೆಯ ಗಾತ್ರವನ್ನು ತೆಗೆದುಕೊಳ್ಳೋಣ. 43 ಇಂಚು ಎಂದರೆ ಪರದೆಯ ಅಗಲವಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಉದ್ದ. ಇದರಿಂದ ಒಂದು ತಪ್ಪು ಭಾವನೆ ಹುಟ್ಟುತ್ತದೆ. 32ರಿಂದ 43ಕ್ಕೆ ಏರಿದರೆ ಮೂರನೆಯ ಒಂದು ಪಾಲು ಹೆಚ್ಚಾಯಿತೆಂದು ನಾವು ಎಣಿಸುತ್ತೇವೆ. ನಿಜವಾಗಿ ಪರದೆಯ ವಿಸ್ತೀರ್ಣವು 1.8 ಪಟ್ಟಾಗುತ್ತದೆ. 32ರಿಂದ 55ಕ್ಕೆ ಹೋದರೆ ಅದು ಸುಮಾರು ಮೂರು ಪಟ್ಟು. ಬೆಳಗಬೇಕಾದ ಜಾಗ ಮೂರು ಪಟ್ಟಾದ ಮೇಲೆ ವಿದ್ಯುಚ್ಛಕ್ತಿಯ ಖರ್ಚೂ ಅದರ ಹಿಂದೆಯೇ ಏರುವುದು ಸಹಜ.

ಟೆಲಿವಿಷನ್ನಿನ ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದ ಕೂಡಿದ್ದು. ದೂರದರ್ಶನದ ಸಾಮಾನ್ಯ ಪ್ರಸಾರದಲ್ಲಿ ಇಂಥ ಬಿಂದುಗಳ 576 ಸಾಲುಗಳಿರುತ್ತವೆ. ‘ಫುಲ್ ಎಚ್.ಡಿ.’ ಎಂಬುದರಲ್ಲಿ 1,080 ಸಾಲು. ‘4ಕೆ’ ಎಂಬುದರಲ್ಲಿ 2,160 ಸಾಲು. ಸಾಲುಗಳು ಹೆಚ್ಚಿದಷ್ಟೂ ಚಿತ್ರ ಉತ್ತಮವೆಂದು ವ್ಯಾಪಾರಿಗಳು ಹೇಳುವರು. ಅದು ನಿಜ, ಆದರೆ ನಮ್ಮ ಕಣ್ಣಿಗೆ ಒಂದು ಮಿತಿಯುಂಟು. ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವಣ ಕೋನವು ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕಿಂತ ಕಡಿಮೆಯಿರಬಾರದು. ಆರೋಗ್ಯವಾದ ಸಾಮಾನ್ಯ ಕಣ್ಣಿನ ಶಕ್ತಿ ಇಷ್ಟು. 10 ಅಡಿ ದೂರದಲ್ಲಿ ಇದು ಒಂದು ಮಿಲಿಮೀಟರಿಗಿಂತ ತುಸು ಕಡಿಮೆಯಾಗುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಬಿಂದುಗಳು ಪರದೆಯ ಮೇಲೆ ಇದ್ದರೂ ಅವು ನಮ್ಮ ಪಾಲಿಗೆ ಇಲ್ಲದಂತೆಯೇ.

ಈ ಒಂದು ಸಂಗತಿಯಿಂದ ಮನೆಯಲ್ಲಿ ಬಳಸಬಹುದಾದ ಸುಲಭ ಸೂತ್ರವೊಂದು ದೊರೆಯುತ್ತದೆ. ಕುಳಿತುಕೊಳ್ಳುವ ಸ್ಥಳದಿಂದ ಪರದೆಗೆ ಎಷ್ಟು ಅಡಿ ದೂರವೆಂದು ಟೇಪು ಹಿಡಿದು ಅಳೆಯಿರಿ. ಸಾಮಾನ್ಯ ಪ್ರಸಾರವನ್ನೇ ಹೆಚ್ಚಾಗಿ ನೋಡುವ ಮನೆಯಾದರೆ ಒಂದು ಅಡಿ ದೂರಕ್ಕೆ 4 ಇಂಚಿನಂತೆ ಲೆಕ್ಕ ಹಿಡಿಯಿರಿ. 8 ಅಡಿಗೆ 32 ಇಂಚು. 10 ಅಡಿಗೆ 40 ಅಥವಾ 43 ಇಂಚು. ಅದಕ್ಕಿಂತ ದೊಡ್ಡ ಪರದೆಯಲ್ಲಿ ಅದೇ ಪ್ರಸಾರವನ್ನು ನೋಡಿದರೆ ಬಿಂದುಗಳು ಹಿಗ್ಗಿ, ಮುಖಗಳ ಅಂಚು ಮಸುಕಾಗಿ, ದೊಡ್ಡದನ್ನು ತಂದು ಕೆಟ್ಟದನ್ನು ನೋಡಿದಂತಾಗುತ್ತದೆ. ಫುಲ್ ಎಚ್.ಡಿ. ಚಿತ್ರಕ್ಕೆ ಒಂದು ಅಡಿಗೆ ಸುಮಾರು ಏಳೂವರೆ ಇಂಚಿನವರೆಗೂ ಹೋಗಬಹುದು. ಅಂದರೆ 10 ಅಡಿ ದೂರದಲ್ಲಿ ಕುಳಿತವರಿಗೆ 4ಕೆಯ ಹೆಚ್ಚಿನ ಸೂಕ್ಷ್ಮತೆ ಕಾಣಬೇಕಾದರೆ ಪರದೆಯು 75 ಇಂಚನ್ನು ದಾಟಿರಬೇಕು! 43 ಇಂಚಿನ ಪರದೆಯಲ್ಲಿ 4ಕೆಯ ಸೊಗಸನ್ನು ಕಾಣಬೇಕಾದರೆ ಆರು ಅಡಿಗಿಂತ ಹತ್ತಿರ ಕುಳ್ಳಿರಬೇಕು. ದೊಡ್ಡ ಅಳತೆಯ ಪೆಟ್ಟಿಗೆಗಳು ಈಗ ಬಹುಮಟ್ಟಿಗೆ 4ಕೆಯಾಗಿಯೇ ಬರುವುದರಿಂದ ಅದನ್ನು ಬೇಡವೆನ್ನಬೇಕಾಗಿಲ್ಲ. ಆ ಒಂದು ಮಾತಿಗಾಗಿ ಹೆಚ್ಚು ಹಣವನ್ನು ಎಣಿಸಬೇಕಾಗಿಲ್ಲವೆಂದಷ್ಟೇ ನಮ್ಮ ಸೂಚನೆ.

ಅಂಗಡಿಯಲ್ಲಿ ಮಾತ್ರ ಈ ವ್ಯತ್ಯಾಸ ಎದ್ದು ಕಾಣುತ್ತದಲ್ಲ ಎಂದು ಯಾರಾದರೂ ಹೇಳಬಹುದು. ಅಲ್ಲಿ ನಾವು ನಿಲ್ಲುವುದು ಮೂರು ಅಡಿ ದೂರದಲ್ಲಿ. ಅಲ್ಲಿ ಓಡುತ್ತಿರುವುದು ಪ್ರದರ್ಶನಕ್ಕೆಂದೇ ತೆಗೆದ ಹೂವು, ಹಕ್ಕಿ, ಸಮುದ್ರಗಳ ಚಿತ್ರ. ಬೆಳಕನ್ನೂ ಬಣ್ಣವನ್ನೂ ಅತಿಯಾಗಿ ಏರಿಸಿಟ್ಟಿರುತ್ತಾರೆ. ಮನೆಗೆ ತಂದ ಮೇಲೆ ನೋಡುವುದು ಸುದ್ದಿಯನ್ನು, ಧಾರಾವಾಹಿಯನ್ನು, ಕ್ರಿಕೆಟ್ಟನ್ನು. ಆದುದರಿಂದ ಅಂಗಡಿಯಲ್ಲಿ ಹತ್ತು ಹೆಜ್ಜೆ ಹಿಂದೆ ಸರಿದು ನಿಂತು, “ಚಂದನ ವಾಹಿನಿಯನ್ನು ಹಚ್ಚಿ ತೋರಿಸಿರಿ” ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಯಾರು, ಎಲ್ಲಿಂದ ನೋಡುವರು

ನಮ್ಮ ಕಡೆಯ ಪಡಸಾಲೆಯಲ್ಲಿ ಎಲ್ಲರೂ ಪರದೆಗೆ ನೇರವಾಗಿ ಸಾಲಾಗಿ ಕುಳಿತುಕೊಳ್ಳುವುದಿಲ್ಲ. ಹಿರಿಯರು ಒಂದು ಮೂಲೆಯ ಮಂಚದ ಮೇಲೆ, ಮಕ್ಕಳು ಮುಂದೆ ನೆಲದ ಮೇಲೆ, ಮನೆಯ ಹೆಣ್ಣುಮಕ್ಕಳು ಅಡಿಗೆಮನೆಯ ಹೊಸ್ತಿಲಿನಿಂದ ಓರೆಯಾಗಿ. ರೊಟ್ಟಿ ಬಡಿಯುತ್ತ ನೋಡುವವರಿಗೆ ಪರದೆಯ ಎದುರಿಗೆ ಬಂದು ಕುಳಿತುಕೊಳ್ಳುವ ಬಿಡುವೆಲ್ಲಿ? ಈ ಕಾರಣದಿಂದ ಮಗ್ಗುಲಿನ ನೋಟವು ಇಲ್ಲಿ ಸಣ್ಣ ವಿಷಯವಲ್ಲ.

ಇಂದಿನ ಎಲ್.ಇ.ಡಿ. ಪೆಟ್ಟಿಗೆಗಳ ಪರದೆಯಲ್ಲಿ ದ್ರವಸ್ಫಟಿಕದ ಒಂದು ಪದರವಿರುತ್ತದೆ. ಹಿಂದಿನಿಂದ ಬರುವ ಬೆಳಕನ್ನು ಈ ಪದರವು ಎಲ್ಲಿ ಬೇಕೋ ಅಲ್ಲಿ ತಡೆದು, ಎಲ್ಲಿ ಬೇಕೋ ಅಲ್ಲಿ ಬಿಡುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಜಾತಿಗಳು. ‘ವಿ.ಎ.’ ಎಂಬ ಜಾತಿಯು ಕಪ್ಪನ್ನು ಗಾಢವಾಗಿ ತೋರಿಸುತ್ತದೆ. ಆದರೆ ಮಗ್ಗುಲಿನಿಂದ ನೋಡಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ‘ಐ.ಪಿ.ಎಸ್.’ ಎಂಬ ಜಾತಿಯಲ್ಲಿ ಕಪ್ಪು ಅಷ್ಟು ಗಾಢವಲ್ಲ. ಆದರೆ ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ಕತ್ತಲೆಯ ಕೋಣೆಯಲ್ಲಿ ಒಬ್ಬಿಬ್ಬರೇ ಸಿನಿಮಾ ನೋಡುವವರಿಗೆ ಮೊದಲನೆಯದು ಒಳ್ಳೆಯದು. ಹಗಲು ಬಾಗಿಲು ತೆರೆದಿಟ್ಟು ಹತ್ತು ಮಂದಿ ಹತ್ತು ಕಡೆಯಿಂದ ನೋಡುವ ಮನೆಗೆ ಎರಡನೆಯದು ಹೆಚ್ಚು ಹೊಂದುವುದು. ಹೆಸರನ್ನು ನೆನಪಿಡಲಾಗದಿದ್ದರೂ ಚಿಂತೆಯಿಲ್ಲ. ಅಂಗಡಿಯಲ್ಲಿ ಪೂರಾ ಮಗ್ಗುಲಿಗೆ ನಡೆದುಹೋಗಿ ಒಬ್ಬರ ಮುಖದ ಬಣ್ಣವನ್ನು ನೋಡಿರಿ. ಬಳಿಕ ನೆಲದ ಮೇಲೆ ಕುಳಿತಷ್ಟು ಬಗ್ಗಿ ನೋಡಿರಿ. ಕಣ್ಣೇ ತೀರ್ಪು ಹೇಳುವುದು.

ಇದರೊಡನೆ ಎತ್ತರದ ಮಾತೂ ಸೇರಿದೆ. ಪರದೆಯನ್ನು ಬಾಗಿಲಿನ ಮೇಲುಗಡೆ ತೂಗುಹಾಕುವುದು ಈಗ ಒಂದು ಅಲಂಕಾರವಾಗಿದೆ. ನೆಲದ ಮೇಲೆ ಕುಳಿತವರ ಕಣ್ಣು ನೆಲದಿಂದ ಎರಡೂವರೆ ಅಡಿಯ ಎತ್ತರದಲ್ಲಿರುತ್ತದೆ. ಎಂಟು ಅಡಿ ಎತ್ತರವನ್ನು ಎರಡು ಗಂಟೆ ಕತ್ತೆತ್ತಿ ನೋಡಿದರೆ ಕುತ್ತಿಗೆ ನೋಯುವುದು ಆಶ್ಚರ್ಯವಲ್ಲ. ಕಲ್ಲುಮಣ್ಣಿನ ಹಳೆಯ ಗೋಡೆಗಳಲ್ಲಿ ಮೊಳೆಯ ಹಿಡಿತವೂ ನಂಬತಕ್ಕದ್ದಲ್ಲ. ಅಂಥ ಮನೆಗೆ ಗಟ್ಟಿಯಾದ ಒಂದು ಮೇಜೇ ಲೇಸು.

ಧ್ವನಿಯ ವಿಷಯವನ್ನು ಕೊಳ್ಳುವಾಗ ಕೇಳುವವರು ಬಹಳ ಕಡಿಮೆ. ಹಳೆಯ ಪೆಟ್ಟಿಗೆಗಳಲ್ಲಿ ಧ್ವನಿವರ್ಧಕಕ್ಕೆ ಜಾಗವಿತ್ತು. ಅದು ನಮ್ಮೆದುರಿಗೆ ಮಾತನಾಡುತ್ತಿತ್ತು. ಇಂದಿನ ತೆಳುವಾದ ಪರದೆಗಳಲ್ಲಿ ಪುಟ್ಟ ಧ್ವನಿವರ್ಧಕಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಶಹಾಬಾದ ಕಲ್ಲಿನ ನೆಲ, ಬರಿಯ ಗೋಡೆ ಇವುಗಳಿಂದ ಮಾತು ಪ್ರತಿಧ್ವನಿಸಿ, ಕಿವಿ ಮಂದವಾದ ಹಿರಿಯರಿಗೆ ಶಬ್ದ ಕೇಳಿದರೂ ಅರ್ಥ ತಿಳಿಯದಂತಾಗುತ್ತದೆ. ಆದುದರಿಂದ ಅಂಗಡಿಯಲ್ಲಿ ಹಾಡನ್ನು ಹಾಕಿಸಿ ಕೇಳಬಾರದು. ಕನ್ನಡ ವಾರ್ತೆಯನ್ನು ಕೇಳಬೇಕು. ಮಾತು ಬಿಡಿಬಿಡಿಯಾಗಿ ಕೇಳಿದರೆ ಆ ಪೆಟ್ಟಿಗೆ ಮನೆಯ ಹಿರಿಯರಿಗೂ ಆಗುತ್ತದೆ.

ಸೆಖೆ, ವಿದ್ಯುತ್ತು, ಸಿಡಿಲು

ಬೇಸಗೆಯಲ್ಲಿ ವಿಜಯಪುರ ಜಿಲ್ಲೆಯ ತಾಪಮಾನವು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಹೊಸ ಸುದ್ದಿಯಲ್ಲ. ಟೆಲಿವಿಷನ್ನಿನೊಡನೆ ಬರುವ ಕೈಪಿಡಿಯನ್ನು ತೆರೆದು ನೋಡಿದರೆ, ಕೆಲಸ ಮಾಡತಕ್ಕ ಗರಿಷ್ಠ ತಾಪಮಾನ 40 ಡಿಗ್ರಿ ಎಂದು ಬಹಳಷ್ಟು ತಯಾರಕರು ಅಚ್ಚು ಹಾಕಿರುತ್ತಾರೆ. ತಗಡಿನ ಮಾಡಿನ ಕೋಣೆಯು ಮಧ್ಯಾಹ್ನ ಈ ಮಿತಿಯನ್ನು ಸುಲಭವಾಗಿ ದಾಟುವುದು. ಪೆಟ್ಟಿಗೆಯೊಳಗೆ ದ್ರವವನ್ನು ತುಂಬಿದ ಕೆಪಾಸಿಟರ್ ಎಂಬ ಭಾಗಗಳಿರುತ್ತವೆ. ತಾಪ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧಕ್ಕಿಳಿಯುವುದೆಂಬುದು ಇಂಜಿನಿಯರರು ಬಳಸುವ ಸ್ಥೂಲ ಲೆಕ್ಕ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಈ ವಿಷಯದಲ್ಲಿ ಕಾಂಕ್ರೀಟಿನ, ತಗಡಿನ ಮನೆಗಳಿಗಿಂತ ಯಂತ್ರಕ್ಕೂ ಹಿತ, ಮನುಷ್ಯರಿಗೂ ಹಿತ. ಮನೆಯ ಅತ್ಯಂತ ತಂಪಾದ ಗೋಡೆ ಯಾವುದೆಂದು ನೋಡಿ, ಅಲ್ಲಿ ಹಿಂಬದಿಗೆ ನಾಲ್ಕು ಬೆರಳು ಗಾಳಿಯಾಡುವಂತೆ ಪೆಟ್ಟಿಗೆಯನ್ನಿಡಬೇಕು. ಎರೆಹೊಲದ ಧೂಳು ಗಾಳಿಕಿಂಡಿಗಳನ್ನು ಮುಚ್ಚದಂತೆ ಆಗಾಗ ಒಣಬಟ್ಟೆಯಿಂದ ಒರಸಬೇಕು. ಗೋಡೆಯಲ್ಲಿ ಗೂಡು ಕಟ್ಟಿಸಿ ಅದರೊಳಗೆ ಪರದೆಯನ್ನು ಹುದುಗಿಸುವುದು ನೋಟಕ್ಕೆ ಚೆಂದವಾದರೂ ಯಂತ್ರಕ್ಕೆ ಒಲೆಯಾಗುವುದು.

ವಿದ್ಯುಚ್ಛಕ್ತಿಯ ಖರ್ಚನ್ನು ಅಂಕಿಗಳಲ್ಲಿ ನೋಡೋಣ. 32 ಇಂಚಿನ ಎಲ್.ಇ.ಡಿ. ಪೆಟ್ಟಿಗೆಗೆ ಸುಮಾರು 50 ವಾಟ್ ಬೇಕು. 55 ಇಂಚಿನದಕ್ಕೆ ಸುಮಾರು 120 ವಾಟ್. ದಿನಕ್ಕೆ 5 ಗಂಟೆ ನೋಡಿದರೆ ಮೊದಲನೆಯದು ತಿಂಗಳಿಗೆ ಏಳೂವರೆ ಯೂನಿಟ್, ಎರಡನೆಯದು 18 ಯೂನಿಟ್ ನುಂಗುತ್ತದೆ. ಹತ್ತು ಯೂನಿಟ್ಟಿನ ವ್ಯತ್ಯಾಸ ಅಲ್ಪವೆಂದು ಕಾಣಬಹುದು. ಆದರೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಂಬುದು ಮೇಲಿನ ಎಲ್ಲೆ ಮಾತ್ರ. ಅದರೊಳಗೆ ಪ್ರತಿಯೊಂದು ಮನೆಗೆ ಉಚಿತವಾಗಿ ಸಲ್ಲುವ ಪ್ರಮಾಣವನ್ನು ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪವೇ ಕೂಡಿಸಿ ಗೊತ್ತುಪಡಿಸಲಾಯಿತು. ತಿಂಗಳಿಗೆ 50, 60 ಯೂನಿಟ್ ಬಳಸುವ ಸಣ್ಣ ಸಂಸಾರಕ್ಕೆ ಆ ಕೂಡಿಸಿದ ಭಾಗವನ್ನೆಲ್ಲ ಒಂದು ದೊಡ್ಡ ಪರದೆಯೇ ತಿಂದುಬಿಡಬಲ್ಲುದು. ಪೆಟ್ಟಿಗೆಯ ಮೇಲಿನ ನಕ್ಷತ್ರದ ಚೀಟಿಯನ್ನು ನೋಡುವಾಗಲೂ ಎಚ್ಚರ ಬೇಕು. ನಕ್ಷತ್ರಗಳು ಒಂದೇ ಅಳತೆಯ ಪೆಟ್ಟಿಗೆಗಳನ್ನು ಹೋಲಿಸುವುದಕ್ಕಾಗಿ ಇರತಕ್ಕವು. ಐದು ನಕ್ಷತ್ರದ ದೊಡ್ಡ ಪೆಟ್ಟಿಗೆಯು ಮೂರು ನಕ್ಷತ್ರದ ಸಣ್ಣ ಪೆಟ್ಟಿಗೆಗಿಂತ ಹೆಚ್ಚು ಶಕ್ತಿಯನ್ನು ಬಳಸಬಹುದು. ನಕ್ಷತ್ರವನ್ನಲ್ಲ, ಅದೇ ಚೀಟಿಯಲ್ಲಿ ಅಚ್ಚಾದ ವರ್ಷದ ಯೂನಿಟ್ಟುಗಳನ್ನು ಓದಬೇಕು.

ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಶಾಖ ವಿದ್ಯುತ್ ಸ್ಥಾವರವಿದೆ. ಆಲಮಟ್ಟಿಯಲ್ಲಿ ಜಲವಿದ್ಯುತ್ತು ಹುಟ್ಟುತ್ತದೆ. ಹೀಗಿದ್ದರೂ ಊರಿನಿಂದ ದೂರವಾದ ತೋಟದ ವಸತಿಗಳಲ್ಲಿ ದೀಪ ಮಂಕಾಗುವುದುಂಟು. ತಂತಿ ಉದ್ದವಾದಷ್ಟೂ ದಾರಿಯಲ್ಲಿ ಒತ್ತಡ ಇಳಿಯುವುದು ವಿದ್ಯುತ್ತಿನ ಗುಣ. ಅದೇ ತಂತಿಯ ಮೇಲೆ ಪಂಪುಗಳು ಒಮ್ಮೆಲೆ ಓಡಿದರೆ ಅದು ಇನ್ನಷ್ಟು ಇಳಿಯುವುದು. ಇದಕ್ಕಾಗಿ ಟೆಲಿವಿಷನ್ನಿನ ಜೊತೆ ಸ್ಟೆಬಿಲೈಸರನ್ನೂ ಕೊಳ್ಳಬೇಕೆಂದು ಅಂಗಡಿಯಲ್ಲಿ ಸಲಹೆ ಬರುವುದು. ಮೊದಲು ಪೆಟ್ಟಿಗೆಯ ಬೆನ್ನನ್ನು ನೋಡಿರಿ. ಅಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಒತ್ತಡದ ಇಳಿತವನ್ನು ಅದು ತಾನೇ ತಾಳಿಕೊಳ್ಳುವುದು. ಆ ಹಣ ಉಳಿಯಿತು. ಉಳಿದ ಹಣದಿಂದ ಮನೆಯ ಅರ್ಥಿಂಗನ್ನು ಸರಿಪಡಿಸಿಕೊಳ್ಳುವುದು ಹೆಚ್ಚು ಬುದ್ಧಿವಂತಿಕೆ. ಮುಂಗಾರಿನ ಮೊದಲ ಗುಡುಗಿಗೆ ಎಷ್ಟೋ ಪೆಟ್ಟಿಗೆಗಳು ಸುಟ್ಟುಹೋಗುವುದುಂಟು. ಸಿಡಿಲಿನ ಮುಂದೆ ಸ್ಟೆಬಿಲೈಸರ್ ನಿಲ್ಲಲಾರದು. ಗುಂಡಿಯನ್ನು ಒತ್ತಿ ಆರಿಸುವುದೂ ಸಾಲದು. ಗೋಡೆಯ ಪ್ಲಗ್ಗನ್ನು ಕಿತ್ತು, ತಟ್ಟೆಯಿಂದ ಬರುವ ತಂತಿಯನ್ನೂ ಬೇರ್ಪಡಿಸಬೇಕು. ಎರಡು ದಾರಿಗಳಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟರೆ ಪ್ರಯೋಜನವಿಲ್ಲ. ಗುಡುಗು ತಲೆಯ ಮೇಲೆ ಬಂದ ಮೇಲಲ್ಲ, ಮೋಡ ದಟ್ಟೈಸುವಾಗಲೇ ಈ ಕೆಲಸ ಮುಗಿಯಬೇಕು.

ಚಿತ್ರ ಬರುವ ದಾರಿ

1975ರ ತಂತಿಬಲೆಯ ತಟ್ಟೆ ಈ ಜಿಲ್ಲೆಯಲ್ಲಿ ನೈಋತ್ಯಕ್ಕೂ ಪಶ್ಚಿಮಕ್ಕೂ ನಡುವೆ ಮುಖ ಮಾಡಿ, ಆಕಾಶದಲ್ಲಿ ಸುಮಾರು 40 ಡಿಗ್ರಿ ಎತ್ತರವನ್ನು ನೋಡುತ್ತಿತ್ತು. ಇಂದು ಡಿ.ಡಿ. ಫ್ರೀ ಡಿಶ್ ಸೇವೆಯ ಪುಟ್ಟ ತಟ್ಟೆ ಆಗ್ನೇಯಕ್ಕೆ ಮುಖ ಮಾಡಿ ಸುಮಾರು 60 ಡಿಗ್ರಿ ಎತ್ತರವನ್ನು ನೋಡುತ್ತದೆ. ಅದು ನೋಡುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಈಗಿನ ಅಲೆಯ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಆದುದರಿಂದ ತಟ್ಟೆ ಚಿಕ್ಕದಾಯಿತು. ಆದರೆ ಬಿರುಸಾದ ಮಳೆಯು ಇಷ್ಟು ಗಿಡ್ಡನೆಯ ಅಲೆಯನ್ನು ಹೀರಿಕೊಳ್ಳುವುದರಿಂದ ಮಳೆ ಜೋರಾದಾಗ ಚಿತ್ರ ಒಡೆಯುತ್ತದೆ. 35 ಸೆಂಟಿಮೀಟರಿನ ಅಲೆಗೆ ಈ ತೊಂದರೆ ಇರಲಿಲ್ಲ. ಮಳೆಯಲ್ಲಿ ಚಿತ್ರ ನಿಂತರೆ ಹೊಸ ಟೆಲಿವಿಷನ್ ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ತಟ್ಟೆಯನ್ನು ನಿಲ್ಲಿಸುವ ಕಡೆ ಆಗ್ನೇಯ ದಿಕ್ಕಿಗೆ ಬೇವಿನ ಮರವೋ ನೆರೆಮನೆಯ ಮಹಡಿಯೋ ಅಡ್ಡ ಬರುವುದೇ ಎಂಬುದನ್ನು ಮಾತ್ರ ಮೊದಲು ನೋಡಬೇಕು.

ಹಳೆಯ ಮೀನಿನ ಮುಳ್ಳಿನಂಥ ಆಂಟೆನಾ ಈಗ ಕೆಲಸಕ್ಕೆ ಬಾರದು. ದೂರದರ್ಶನದ ಹಳೆಯ ಪದ್ಧತಿಯ ನೆಲದ ಪ್ರಸಾರ ಕೇಂದ್ರಗಳು, ಕೆಲವನ್ನು ಬಿಟ್ಟು, 2022ರ ಹೊತ್ತಿಗೆ ಮುಚ್ಚಿಹೋದುವು. ಫ್ರೀ ಡಿಶ್ ಸೇವೆಗೆ ತಿಂಗಳ ಚಂದಾ ಇಲ್ಲ. ತಟ್ಟೆ, ಪೆಟ್ಟಿಗೆಗಳಿಗೆ ಒಮ್ಮೆ ಹಣ ಕೊಟ್ಟರಾಯಿತು. ಉಪಗ್ರಹದ ಸಂಕೇತವನ್ನು ತಾನೇ ಹಿಡಿಯಬಲ್ಲ ಟೆಲಿವಿಷನ್ನುಗಳಿಗಾಗಿ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಒಂದು ಮಾನಕವನ್ನು ಹೊರಡಿಸಿದೆ. ಅಂಥ ಪೆಟ್ಟಿಗೆ ದೊರೆತರೆ ಫ್ರೀ ಡಿಶ್ ಬಳಸುವ ಮನೆಯಲ್ಲಿ ಒಂದು ಪೆಟ್ಟಿಗೆ, ಒಂದು ಪ್ಲಗ್ಗು, ಒಂದು ರಿಮೋಟು ಕಡಿಮೆಯಾಗುತ್ತವೆ.

‘ಸ್ಮಾರ್ಟ್’ ಎಂಬ ವಿಶೇಷಣದ ಬಗ್ಗೆಯೂ ಲೆಕ್ಕ ಬೇಕು. ಅಂತರ್ಜಾಲದಿಂದ ಒಂದು ಗಂಟೆಯ ಎಚ್.ಡಿ. ಚಿತ್ರಕ್ಕೆ 3 ಜಿ.ಬಿ.ಯವರೆಗೂ, 4ಕೆ ಚಿತ್ರಕ್ಕೆ ಸುಮಾರು 7 ಜಿ.ಬಿ.ಯವರೆಗೂ ಬೇಕಾಗುತ್ತದೆ. ದಿನಕ್ಕೆ ಒಂದೂವರೆ, ಎರಡು ಜಿ.ಬಿ. ದೊರೆಯುವ ಮೊಬೈಲು ಚಂದಾವನ್ನು ಹಂಚಿಕೊಂಡು ನೋಡುವ ಮನೆಯಲ್ಲಿ 4ಕೆ ಸಿನಿಮಾ ಅರ್ಧ ಗಂಟೆಯೂ ಓಡದು. ಮನೆಗೆ ಫೈಬರ್ ತಂತಿ ಬಂದಿದ್ದರೆ ಮಾತು ಬೇರೆ. ಇನ್ನೊಂದು ವಿಷಯ: ಪರದೆಯು ಎಂಟು ಹತ್ತು ವರ್ಷ ಬಾಳಿದರೂ ಅದರೊಳಗಿನ ತಂತ್ರಾಂಶಕ್ಕೆ ತಯಾರಕರ ಪೋಷಣೆ ಅಷ್ಟು ಕಾಲ ಇರುವುದೆಂಬ ಭರವಸೆಯಿಲ್ಲ. ಆಗ ಬೆರಳುದ್ದದ ಒಂದು ಸ್ಟಿಕ್ಕನ್ನು ಸಿಕ್ಕಿಸಿ ಕೆಲಸ ನಡೆಯಿಸಬಹುದು. ಆದುದರಿಂದ ಎಚ್.ಡಿ.ಎಂ.ಐ. ಕಿಂಡಿಗಳು ಎರಡಾದರೂ ಇರುವ ಪೆಟ್ಟಿಗೆಯನ್ನು ಆಯಬೇಕು. ನಾವು ಏನನ್ನು ನೋಡುತ್ತೇವೆಂಬುದನ್ನು ಕೆಲವು ಸ್ಮಾರ್ಟ್ ಪೆಟ್ಟಿಗೆಗಳು ಗುರುತುಹಾಕಿ ಕಳುಹಿಸುವುದೂ ಉಂಟು. ಮೊದಲ ಬಾರಿ ಹಚ್ಚಿದಾಗ ಕೇಳುವ ಒಪ್ಪಿಗೆಗಳಿಗೆಲ್ಲ ‘ಆಗಲಿ’ ಎನ್ನಬೇಕಾಗಿಲ್ಲ.

ಕೆಟ್ಟ ಮೇಲೆ

ನಾಲ್ಕು ತಾಲ್ಲೂಕು ಕೇಂದ್ರಗಳೂ ವಿಜಯಪುರ ನಗರದಿಂದ ಸುಮಾರು 40ರಿಂದ 80 ಕಿಲೋಮೀಟರು ದೂರದಲ್ಲಿವೆ. ಹಳ್ಳಿಗಳು ಇನ್ನೂ ದೂರ. ದುರಸ್ತಿಯವರು ಮನೆಗೆ ಬರುವರೋ, ಪೆಟ್ಟಿಗೆಯನ್ನೇ ಹೊತ್ತು ಒಯ್ಯಬೇಕೋ, ಬಿಡಿಭಾಗಗಳು ಎಷ್ಟು ವರ್ಷ ದೊರೆಯುವುವು ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ, ರಸೀತಿಯ ಮೇಲೆ ಬರೆಯಿಸಿಕೊಳ್ಳಬೇಕು. ಟೆಲಿವಿಷನ್ನಿನಲ್ಲಿ ಅತ್ಯಂತ ದುಬಾರಿಯಾದ ಭಾಗ ಪರದೆ. ಅದು ಒಡೆದರೆ ದುರಸ್ತಿಯ ಬೆಲೆ ಹೊಸದರ ಬೆಲೆಯನ್ನು ಮುಟ್ಟಬಹುದು. ಸಾಗಿಸುವಾಗ ಪೆಟ್ಟಿಗೆಯನ್ನು ನಿಲ್ಲಿಸಿಯೇ ತರಬೇಕು, ಮಲಗಿಸಬಾರದು. ಇದನ್ನು ಟಂಟಂ ಗಾಡಿಯವರಿಗೆ ಹೇಳದೆ ಕಷ್ಟಪಟ್ಟವರಿದ್ದಾರೆ.

ಮೂಲೆಗೆ ಸೇರಿದ ಹಳೆಯ ಗಾಜಿನ ಡಬ್ಬಿಯ ಟೆಲಿವಿಷನ್ನನ್ನು ಗುಜರಿಗೆ ಹಾಕಿ ಒಡೆಯಿಸುವುದು ತರವಲ್ಲ. ಆ ಗಾಜಿನಲ್ಲಿ ಸೀಸವಿದೆ. ಒಡೆದ ಚೂರುಗಳು ಮಕ್ಕಳು ಆಡುವ ತಿಪ್ಪೆಯಲ್ಲಿ ಬಿದ್ದರೆ ಆ ವಿಷ ಮಣ್ಣನ್ನು ಸೇರುವುದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು, ಅದು ಅಧಿಕೃತ ಸಂಗ್ರಹಕ್ಕೆ ಹೋಗುವುದೇ ಎಂದು ವಿಚಾರಿಸಬೇಕು.

ಎರಡು ಆಕ್ಷೇಪಗಳು

ನಮ್ಮ ಮಾತನ್ನು ಕೇಳಿ ಕೆಲವರು ಹೀಗೆನ್ನಬಹುದು: “ನಗರದವರು ದೊಡ್ಡ ಪರದೆ ನೋಡಲಿ, ಹಳ್ಳಿಯವರು ಚಿಕ್ಕದರಲ್ಲಿ ತೃಪ್ತರಾಗಿರಲಿ ಎಂಬುದೇ ನಿಮ್ಮ ಉಪದೇಶವೆ?” ಖಂಡಿತ ಅಲ್ಲ. ಹದಿನೈದು ಅಡಿಯ ಪಡಸಾಲೆ, ಹನ್ನೆರಡು ಮಂದಿಯ ಕುಟುಂಬ, ಫೈಬರ್ ತಂತಿ ಇದ್ದ ಮನೆಗೆ 55 ಇಂಚೂ ಸರಿಯೆ, 65 ಇಂಚೂ ಸರಿಯೆ. ಅಲ್ಲಿ 32 ಇಂಚು ತರುವುದೇ ತಪ್ಪು ಲೆಕ್ಕ. ಗ್ರಾಮ ಪಂಚಾಯಿತಿಯ ವಾಚನಾಲಯಕ್ಕೆ ದೊಡ್ಡದೇ ಬೇಕು. ನಾವು ಹೇಳುವುದು ಚಿಕ್ಕದನ್ನು ತನ್ನಿರೆಂದಲ್ಲ, ತಕ್ಕದ್ದನ್ನು ತನ್ನಿರೆಂದು.

ಇನ್ನು ಕೆಲವರು, “2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಪೆಟ್ಟಿಗೆಗಳ ಮೇಲಿನ ಜಿ.ಎಸ್.ಟಿ. 28ರಿಂದ 18 ಶೇಕಡಕ್ಕೆ ಇಳಿಯಿತು. ಇನ್ನು ದೊಡ್ಡದನ್ನೇ ಕೊಳ್ಳುವುದು ಲಾಭವಲ್ಲವೆ?” ಎನ್ನುವರು. ತೆರಿಗೆ ಇಳಿದುದು ಒಳ್ಳೆಯದೇ. ಆದರೆ ಉಳಿದ ಹಣವನ್ನು ಇಂಚಿಗೇ ಸುರಿಯಬೇಕೆಂಬ ನಿಯಮವಿಲ್ಲ. ಹಿರಿಯರಿಗೆ ಮಾತು ತಿಳಿಯುವಂಥ ಧ್ವನಿವರ್ಧಕಕ್ಕೆ, ಅರ್ಥಿಂಗಿಗೆ, ಒಂದು ವರ್ಷ ಹೆಚ್ಚಿನ ವಾರಂಟಿಗೆ ಅದನ್ನು ಬಳಸಿದರೆ ಮನೆಯವರೆಲ್ಲರಿಗೂ ಅದರ ಫಲ ದೊರೆಯುವುದು. ಇಂಚಿನ ಆಸೆಗಾಗಿ ಹನ್ನೆರಡು ತಿಂಗಳ ಕಂತಿಗೆ ಕೈಯೊಡ್ಡುವವರು, ಬೆಳೆ ಕೈಕೊಟ್ಟ ತಿಂಗಳಿನಲ್ಲಿಯೂ ಕಂತು ತಪ್ಪದೆಂಬುದನ್ನು ನೆನಪಿಡಬೇಕು.

ಈ ಲೆಕ್ಕವನ್ನೆಲ್ಲ ಗೃಹಸ್ಥರೊಬ್ಬರೇ ಹಾಕಬೇಕೆಂಬುದು ನ್ಯಾಯವಲ್ಲವೆಂದೂ ನಾವು ಬಲ್ಲೆವು. ಪ್ರತಿಯೊಂದು ಪೆಟ್ಟಿಗೆಯ ಹೊರಗೆ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ನಾಲ್ಕು ಸಂಗತಿಗಳು ಅಚ್ಚಾಗಬೇಕು: ಎಷ್ಟು ಅಡಿ ದೂರದಿಂದ ನೋಡತಕ್ಕದ್ದು, ಎಷ್ಟು ತಾಪವನ್ನೂ ಎಷ್ಟು ವೋಲ್ಟಿನ ಏರಿಳಿತವನ್ನೂ ತಾಳತಕ್ಕದ್ದು, ಬಿಡಿಭಾಗಗಳು ಎಷ್ಟು ವರ್ಷ ದೊರೆಯತಕ್ಕದ್ದು, ತಂತ್ರಾಂಶಕ್ಕೆ ಎಷ್ಟು ವರ್ಷ ಪೋಷಣೆಯಿರತಕ್ಕದ್ದು. ಇವೆಲ್ಲ ತಯಾರಕರಿಗೆ ತಿಳಿದಿರುವ ಸಂಗತಿಗಳೇ. ಅಚ್ಚು ಹಾಕುವುದಕ್ಕೆ ಹೆಚ್ಚು ಖರ್ಚಾಗದು. ಔಷಧದ ಶೀಶೆಯ ಮೇಲೆ ಅವಧಿ ಮುಗಿಯುವ ದಿನವನ್ನು ಬರೆಯಿಸುವ ಸರಕಾರವು ಇದನ್ನೂ ಬರೆಯಿಸಬಹುದು.

2020ರಲ್ಲಿಯೂ 2021ರಲ್ಲಿಯೂ ಶಾಲೆಗಳು ಮುಚ್ಚಿದ್ದಾಗ ಮಕ್ಕಳಿಗೆ ಪಾಠಗಳು ಚಂದನ ವಾಹಿನಿಯ ಮೂಲಕ ಬಂದುವು. ಹೀಗೆ 1975ರ ಬೆಳಗಿನ ಪಾಠಗಳು ಬೇರೊಂದು ರೂಪದಲ್ಲಿ ಹಿಂದಿರುಗಿದುವು. ಆ ದಿನಗಳಲ್ಲಿ ಎಂಥ ಪರದೆಯ ಮುಂದೆ ಮಗು ಕುಳಿತಿತ್ತೆಂಬುದಕ್ಕಿಂತ, ಆ ಪರದೆ ಹತ್ತಿಕೊಂಡಿತೆ, ಅಕ್ಷರಗಳು ಕಂಡುವೆ, ಗುರುಗಳ ಮಾತು ತಿಳಿಯಿತೆ ಎಂಬುದೇ ಮುಖ್ಯವಾಗಿತ್ತು. ಮನೆಗೆ ಟೆಲಿವಿಷನ್ ಆಯುವಾಗಲೂ ಮುಖ್ಯವಾಗಬೇಕಾದುದು ಇದೇ. ಬರುವ ರವಿವಾರ ಸಂತೆಗೆ ಹೊರಡುವ ಮೊದಲು ಟೇಪನ್ನು ಹಿಡಿದು ಪಡಸಾಲೆಯನ್ನು ಅಳೆಯಿರಿ. ಅಡಿಗೆಮನೆಯ ಹೊಸ್ತಿಲಿನಲ್ಲಿ ಒಮ್ಮೆ ನಿಂತು ನೋಡಿರಿ. ಮಂಚದ ಮೇಲಿನ ಹಿರಿಯರನ್ನು ಏನು ಬೇಕೆಂದು ಕೇಳಿರಿ. ಆ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೋದವರನ್ನು ಗೋಡೆಯ ತುಂಬ ಬೆಳಗುವ ಪರದೆಗಳು ಅಷ್ಟು ಸುಲಭವಾಗಿ ಮರುಳುಮಾಡಲಾರವು.